ಶೆಟ್ರ ಮಗಳ ಫಿಲ್ಮ್ ಸ್ಕೂಲ್ ವಿಷಯ: ಪುಣೆಯೋ, ಅಂಧೇರಿಯೋ, ಹೆಸರಘಟ್ಟವೋ

ಶೆಟ್ರೇ, ನಮಸ್ಕಾರ. ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಮೊನ್ನೆಯೇ ನೋಡಿದ್ದೆ. ಒಂದು ಸೀರಿಯಲ್ಲಿನ ಸೌಂಡ್ ಮಿಕ್ಸಿಂಗ್ ಕೆಲಸ ತಲೆ ಮೇಲಿತ್ತು, ಈಗ ಪುರುಸೊತ್ತಾಯಿತು. ನಡುವೆ ಬಂದು ಓದುವವರಿಗಾಗಿ ವಿಷಯ ಇಷ್ಟು: ಶೆಟ್ರ ಮಗಳು ಬಿ.ಕಾಂ ಮುಗಿಸಿದ್ದಾಳೆ, ಕ್ಯಾಮೆರಾ ಕೆಲಸ ಕಲಿಯಬೇಕು ಅನ್ನುತ್ತಿದ್ದಾಳೆ. ಮುಂದಿರುವುದು ಮೂರು ದಾರಿ. ಪುಣೆಯ ಎಫ್‌ಟಿಐಐ (ಕೇಂದ್ರ ಸರ್ಕಾರದ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ), ಮುಂಬೈಯ ಅಂಧೇರಿ ಕಡೆಯ ಒಂದು ಖಾಸಗಿ ಶಾಲೆ (ಎರಡು ವರ್ಷಕ್ಕೆ ಎಲ್ಲ ಸೇರಿ 20 ಲಕ್ಷ ಹೇಳಿದ್ದಾರಂತೆ), ಇಲ್ಲವೇ ಬೆಂಗಳೂರು ಹತ್ತಿರದ ಹೆಸರಘಟ್ಟದ ಸರ್ಕಾರಿ ಸಂಸ್ಥೆ. ಅವರ ಮನೆಯವರಿಗೆ ಅಂಧೇರಿಯೇ ಇಷ್ಟ, ಮಗಳು ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಿಂದಲೇ ಹೋಗಿ ಬರಬಹುದು ಅಂತ. ಕೊನೆಗೆ, ಈಗಲೇ ಒಂದು ಕ್ಯಾಮೆರಾ ಕೊಡಿಸಬೇಕಾ ಅಂತಲೂ ಕೇಳಿದ್ದಾರೆ.

ಮೇಲೆ ಹಲವರು "ದುಡ್ಡು ನೋಡಬೇಡಿ, ಮಗಳ ಕನಸು ನೋಡಿ" ಅಂತ ಬರೆದಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಬರೆದಿರುತ್ತಾರೆ. ಆದರೆ ಈ ಕಸುಬಿನಲ್ಲಿ ದುಡ್ಡೇ ಮೊದಲು ನೋಡಬೇಕಾದದ್ದು. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

20 ಲಕ್ಷ ಸಾಲ, ಶೇಕಡಾ 11 ಬಡ್ಡಿ, ಹತ್ತು ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 27,500 ರೂಪಾಯಿ. ತೀರುವ ಹೊತ್ತಿಗೆ ಕಟ್ಟಿದ್ದು 33 ಲಕ್ಷ. ಓದುವಾಗ ಏರುವ ಬಡ್ಡಿ ಇದರಲ್ಲಿ ಇಲ್ಲ, ಅದು ಬೇರೆ. 7.5 ಲಕ್ಷದ ಮೇಲೆ ಹೋದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಅಂದರೆ ನಿಮ್ಮ ಫ್ಲ್ಯಾಟೋ ಹೋಟೆಲಿನ ಮಳಿಗೆಯೋ ಇದರೊಳಗೆ ಬಂತು. ಕೋರ್ಸ್ ಮುಗಿದು ಆರು ತಿಂಗಳಿಗೋ ವರ್ಷಕ್ಕೋ ಕಂತು ಶುರು.

ಈಗ ಇನ್ನೊಂದು ಕಡೆ ನೋಡಿ. ಕ್ಯಾಮೆರಾ ಡಿಪಾರ್ಟ್‌ಮೆಂಟಿನಲ್ಲಿ ಹೊಸಬರು ಕೊನೆಯ ಅಸಿಸ್ಟೆಂಟ್ ಆಗಿ ಸೇರುತ್ತಾರೆ. ಲೆನ್ಸ್ ಪೆಟ್ಟಿಗೆ ಕಾಯುವುದು, ಬ್ಯಾಟರಿ ಚಾರ್ಜ್ ಮಾಡುವುದು, ಮೆಮೊರಿ ಕಾರ್ಡಿಗೆ ಹೆಸರು ಬರೆದು ಇಡುವುದು. ಅಲ್ಲಿಂದ ಫೋಕಸ್ ಹಿಡಿಯುವ ತನಕ ಬರುವುದಕ್ಕೇ ವರ್ಷಗಳು ಬೇಕು. ಶುರುವಿನಲ್ಲಿ ತಿಂಗಳಿಗೆ ಹತ್ತು ದಿನ ಕೆಲಸ ಸಿಕ್ಕರೆ ಅದೇ ಪುಣ್ಯ. ಆ ದುಡ್ಡೂ ಕೈಗೆ ತಕ್ಷಣ ಬರುವುದಿಲ್ಲ, ಟೀವಿ ಕೆಲಸದಲ್ಲಿ 90 ದಿನದ ಕ್ರೆಡಿಟ್ ಅನ್ನುವುದು ಇಲ್ಲಿ ಮಾಮೂಲಿ ಮಾತು. ಜೂನ್‌ನಲ್ಲಿ ದುಡಿದದ್ದು ಗಣಪತಿ ಕಳೆದ ಮೇಲೆ ಬರುತ್ತದೆ. ಬ್ಯಾಂಕು ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿಗೆ ಕೇಳುತ್ತದೆ. ಆಗ ಹುಡುಗಿ ಏನು ಮಾಡುತ್ತಾಳೆ? ಒಳ್ಳೆ ಕ್ಯಾಮೆರಾಮ್ಯಾನ್ ಹತ್ತಿರ ಕಡಿಮೆ ದುಡ್ಡಿಗೆ ಕಲಿಯುವ ಕೆಲಸ ಬಿಟ್ಟು ಮದುವೆ ವಿಡಿಯೋಗೆ ಹೋಗುತ್ತಾಳೆ. ಮದುವೆ ವಿಡಿಯೋ ಕೀಳು ಅಂತಲ್ಲ, ನಾನೂ ಮಾಡಿದ್ದೇನೆ. ಆದರೆ ಅದಕ್ಕೆ 20 ಲಕ್ಷದ ಶಾಲೆ ಬೇಕಿರಲಿಲ್ಲ ಅಲ್ವಾ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಶಿರಸಿಯಿಂದ ಬಂದ ಹೊಸದರಲ್ಲಿ ನಾನೂ ಒಂದು ಖಾಸಗಿ ಸಂಸ್ಥೆಗೆ ಸೇರಿದ್ದೆ, ಹೆಸರು ಬೇಡ. ಅಪ್ಪ ಸೊಸೈಟಿಯಲ್ಲಿ ಅಡಿಕೆ ಮೇಲೆ ಸಾಲ ತೆಗೆದು ಫೀಸು ಕಟ್ಟಿದ್ದರು. 28 ಜನರಿಗೆ ಒಂದೇ ಕ್ಯಾಮೆರಾ. ಬ್ರೋಷರಿನಲ್ಲಿ ದೊಡ್ಡ ಫೋಟೋ ಇದ್ದ ಮೇಷ್ಟ್ರು ಆರು ತಿಂಗಳಲ್ಲಿ ಬಂದದ್ದು ಒಂದೇ ದಿನ, ಅದೂ ಸರ್ಟಿಫಿಕೇಟ್ ಕೊಡಲಿಕ್ಕೆ. ಸೌಂಡ್ ನಾನು ಕಲಿತದ್ದು ಆಮೇಲೆ, ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೇಬಲ್ ಸುತ್ತುತ್ತಾ. ಆದರೂ ಪೂರ್ತಿ ಮೋಸ ಅಂತ ಹೇಳಲಾರೆ. ಆ ಸ್ಟುಡಿಯೋಗೆ ನನ್ನ ಹೆಸರು ಹೇಳಿದ್ದು ಅದೇ ಕ್ಲಾಸಿನ ಗೆಳತಿ. ಸಾಲ ತೀರುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅಪ್ಪ ಒಂದು ಸಲವೂ ಕೇಳಲಿಲ್ಲ, ಅದೇ ಜಾಸ್ತಿ ಕಷ್ಟವಾಗುತ್ತಿತ್ತು.

ಹಾಗಂತ ಎಲ್ಲ ಖಾಸಗಿ ಶಾಲೆಗಳೂ ಹೀಗೇ ಅಂತಲ್ಲ. ನೀವು ನೋಡಿದ ಶಾಲೆಗೆ ಒಂದು ಸಲ ಹೋಗಿ, ಆಫೀಸಿನಲ್ಲಿ ಕೂರಬೇಡಿ, ಹೊರಗೆ ಚಹಾ ಅಂಗಡಿ ಹತ್ತಿರ ನಿಂತು ಎರಡನೇ ವರ್ಷದ ಮಕ್ಕಳನ್ನು ಕೇಳಿ. ಒಂದು ಕ್ಯಾಮೆರಾಕ್ಕೆ ಎಷ್ಟು ಜನ? ಈ ವಾರ ಪಾಠ ಮಾಡಿದವರು ಯಾರು? ಎರಡು ವರ್ಷದಲ್ಲಿ ನೀನೇ ಕ್ಯಾಮೆರಾ ಹಿಡಿದ ಚಿತ್ರ ಎಷ್ಟು? ಶೂಟಿಂಗ್ ಖರ್ಚು ಫೀಸಿನಲ್ಲೇ ಬಂತಾ, ಕೈಯಿಂದ ಹಾಕಿದ್ದಾ? ಲೆನ್ಸ್ ಒಡೆದರೆ ಯಾರು ಕಟ್ಟಬೇಕು? ಮೂರು ವರ್ಷದ ಹಿಂದೆ ಮುಗಿಸಿದ ಇಬ್ಬರ ನಂಬರ್ ಕೊಡುತ್ತೀಯಾ? "ಪ್ಲೇಸ್‌ಮೆಂಟ್ ನೂರಕ್ಕೆ ನೂರು" ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಸಿನಿಮಾದ ಕ್ಯಾಮೆರಾ ವಿಭಾಗಕ್ಕೆ ಕ್ಯಾಂಪಸ್ಸಿಗೆ ಬಂದು ಯಾರೂ ಆಳು ತೆಗೆದುಕೊಳ್ಳುವುದಿಲ್ಲ.

ಇನ್ನು "ಮನೆಯಿಂದಲೇ ಹೋಗಿ ಬರಬಹುದು" ಅನ್ನುವ ಮಾತು. ಡೊಂಬಿವಲಿಯಿಂದ ಘಾಟ್ಕೋಪರ್ ತನಕ ಲೋಕಲ್, ಅಲ್ಲಿ ಮೆಟ್ರೋ ಹಿಡಿದರೆ ಅಂಧೇರಿ, ಕ್ಲಾಸಿಗೆ ಪರವಾಗಿಲ್ಲ. ಶೂಟಿಂಗಿಗೆ ನಡೆಯುವುದಿಲ್ಲ. ವಿದ್ಯಾರ್ಥಿಗಳ ಶೂಟಿಂಗ್ ಯಾವತ್ತೂ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ, ಪ್ಯಾಕಪ್ ಆಗಿ ಸಾಮಾನು ಎಣಿಸಿ ಮುಗಿಸುವ ಹೊತ್ತಿಗೆ ಮೆಟ್ರೋ ನಿಂತಿರುತ್ತದೆ, ಕೊನೇ ಲೋಕಲ್ಲೂ ಹೋಗಿರುತ್ತದೆ. ಎರಡನೇ ತಿಂಗಳಿಗೇ ಅಂಧೇರಿಯಲ್ಲಿ ಪೀಜಿ ಹುಡುಕುತ್ತೀರಿ, ನೋಡಿ. ಡಿಪಾಸಿಟ್, ಬಾಡಿಗೆ, ಊಟ ಸೇರಿದರೆ ಪುಣೆಯ ಹಾಸ್ಟೆಲಿಗಿಂತ ಬಹಳ ಜಾಸ್ತಿ. ಅಮ್ಮನಿಗೆ ಇದನ್ನು ನಿಧಾನವಾಗಿ ಹೇಳಿ. ಪುಣೆ ದೂರ ಅನ್ನುತ್ತಾರಲ್ಲ, ಪಕ್ಕದ ಕಲ್ಯಾಣ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಎರಡೂವರೆ ಮೂರು ಗಂಟೆ. ರಾತ್ರಿ ಶೂಟಿಂಗ್ ಮುಗಿದಾಗ ಕ್ಯಾಂಪಸ್ಸಿನೊಳಗೇ ನಡೆದು ರೂಮಿಗೆ ಹೋಗುವ ಹುಡುಗಿಯ ಬಗ್ಗೆ ನಿಮಗೆ ಚಿಂತೆ ಕಡಿಮೆಯೇ ಇರುತ್ತದೆ.

ಎಫ್‌ಟಿಐಐ ಬಗ್ಗೆ ಈಗ. 1960ರಲ್ಲಿ ಶುರುವಾದದ್ದು, ಲಾ ಕಾಲೇಜ್ ರಸ್ತೆಯಲ್ಲಿ, ಹಳೇ ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲೇ. ಪ್ರಭಾತ್ ಕಾಲದ ಶೂಟಿಂಗ್ ಫ್ಲೋರ್‌ನಲ್ಲಿ ಇವತ್ತೂ ಮಕ್ಕಳು ಲೈಟಿಂಗ್ ಕಲಿಯುತ್ತಾರೆ. ಅದೇ ರಸ್ತೆಯಲ್ಲಿ 1964ರಲ್ಲಿ ಶುರುವಾದ ಫಿಲ್ಮ್ ಆರ್ಕೈವ್, ಅಂದರೆ ಹಳೇ ಚಿತ್ರಗಳನ್ನು ಕಾಪಾಡಿ ಇಡುವ ಭಂಡಾರ. ಕ್ಯಾಮೆರಾ ಕಲಿಯುವವರಿಗೆ ಹಳೇ ಕಪ್ಪು-ಬಿಳುಪು ಚಿತ್ರಗಳನ್ನು ಪರದೆ ಮೇಲೆ ನೋಡುವ ಅವಕಾಶ ಬಗಲಲ್ಲೇ ಇದ್ದರೆ ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ಆ ನೆರಳು ಕಾಣುವುದೇ ಇಲ್ಲ. ಕನ್ನಡದವರಿಗೆ ಹೊಸ ಜಾಗವೂ ಅಲ್ಲ. ಗಿರೀಶ್ ಕಾಸರವಳ್ಳಿ ಅಲ್ಲೇ ಕಲಿತವರು, ಅದಕ್ಕೂ ಮೊದಲು ಮಣಿಪಾಲದಲ್ಲಿ ಫಾರ್ಮಸಿ ಓದಿದ್ದರು. ಆದ್ದರಿಂದ ಬಿ.ಕಾಂ ಅಂತ ಮಗಳು ಹಿಂಜರಿಯಬೇಕಾಗಿಲ್ಲ, ಮೂರು ವರ್ಷದ ಕೋರ್ಸಿಗೆ ಡಿಗ್ರಿ ಬೇಕು ಅಷ್ಟೇ. 1974-75ರಲ್ಲಿ ಗಿರೀಶ ಕಾರ್ನಾಡರು ಆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಫೀಸು ನಿಮ್ಮ ಅಂಧೇರಿ ಶಾಲೆಯ ಪಕ್ಕಕ್ಕಿಟ್ಟರೆ ಸಣ್ಣದು. ಕಷ್ಟ ಇರುವುದು ಸೀಟಿನಲ್ಲಿ. ಒಂದೊಂದು ವಿಭಾಗಕ್ಕೆ ಹತ್ತರ ಆಸುಪಾಸು, ಬರೆಯುವವರು ದೇಶದ ಎಲ್ಲ ಕಡೆಯವರು. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಮುಂದಿನ ಸುತ್ತು, ಸಂದರ್ಶನ. ಮೊದಲ ಸಲವೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮತ್ತೆ ಮೂರು ವರ್ಷದ ಕೋರ್ಸ್ ಮೂರೇ ವರ್ಷಕ್ಕೆ ಮುಗಿಯದೆ ಎಳೆದಾಡಿದ ಬ್ಯಾಚುಗಳೂ ಇವೆ, 2015ರಲ್ಲಿ 139 ದಿನ ಮುಷ್ಕರವೇ ನಡೆದಿತ್ತು. ಬೇಗ ಮುಗಿಸಿ ಬೇಗ ದುಡಿಯಬೇಕು ಅನ್ನುವ ಮನೆಗೆ ಅದು ಹೊಂದುವುದಿಲ್ಲ.

ಅವಸರ ಇದ್ದರೆ ಅಲ್ಲೇ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸುಗಳಿವೆ, ಜನ ಅದನ್ನು ಕಡೆಗಣಿಸುತ್ತಾರೆ. 2024ರಲ್ಲಿ ಕಾನ್ ಉತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಗೆದ್ದದ್ದು ನಮ್ಮ ಮೈಸೂರಿನ ಚಿದಾನಂದ ನಾಯ್ಕ್. ಓದಿದ್ದು ಎಂಬಿಬಿಎಸ್, ಆಮೇಲೆ ಸೇರಿದ್ದು ಇದೇ ಒಂದು ವರ್ಷದ ಕೋರ್ಸಿಗೆ. ಚಿತ್ರ ಕನ್ನಡದ್ದು, ಜನಪದ ಕಥೆ, ವರ್ಷದ ಕೊನೆಗೆ ಕ್ಯಾಮೆರಾ, ಎಡಿಟಿಂಗ್, ಸೌಂಡ್ ಓದುವವರು ಸೇರಿ ಮಾಡಿದ್ದು. ಎಲ್ಲರಿಗೂ ಹಾಗೆ ಆಗುತ್ತದೆ ಅಂತಲ್ಲ. ಒಂದು ವರ್ಷದ್ದು ಅಂತ ಮೂಗು ಮುರಿಯಬೇಡಿ ಅಂತ ಹೇಳಿದೆ.

ಹೆಸರಘಟ್ಟದ್ದು ಬೇರೆ ಲೆಕ್ಕ. ಅದರ ಬೇರು ಬೆಂಗಳೂರಿನ ಎಸ್‌ಜೆಪಿ, ಅಂದರೆ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಅಲ್ಲಿ ಕ್ಯಾಮೆರಾ ಕಲಿತ ಮೈಸೂರಿನ ವಿ.ಕೆ. ಮೂರ್ತಿ ಬೊಂಬಾಯಿಗೆ ಬಂದು ಹಿಂದಿ ನಿರ್ದೇಶಕ ಗುರುದತ್ ಅವರ ಕ್ಯಾಮೆರಾಮ್ಯಾನ್ ಆದರು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೇ ಬಂತು. ಕ್ಯಾಮೆರಾಮ್ಯಾನ್, ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಅಲ್ಲೇ ಕಲಿತವರು. ಹೆಸರು ದೊಡ್ಡದು, ಖರ್ಚು ಸಣ್ಣದು. ಆದರೆ ನಿಮ್ಮ ಮಗಳು ಹುಟ್ಟಿ ಬೆಳೆದದ್ದು ಡೊಂಬಿವಲಿ. ಮುಂದೆ ಕನ್ನಡ ಸಿನಿಮಾದಲ್ಲೇ ದುಡಿಯುವ ಯೋಚನೆ ಇದ್ದರೆ ಖಂಡಿತ ಹೋಗಲಿ. ಮುಂಬೈಗೇ ವಾಪಸ್ ಬರುವುದಾದರೆ ಓದಿನ ಜೊತೆಯವರೆಲ್ಲ ಬೆಂಗಳೂರಿನಲ್ಲಿ, ಇವಳು ಇಲ್ಲಿ ಒಬ್ಬಳೇ. ಈ ಕೆಲಸದಲ್ಲಿ ಮೊದಲ ಐದು ವರ್ಷ ಫೋನ್ ಮಾಡಿ ಕರೆಯುವವರು ಜೊತೆಯಲ್ಲಿ ಓದಿದವರೇ. ನನಗೆ ಆದದ್ದು ಹೇಳಿದೆನಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಒಂದು: ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆ, 1995ರಲ್ಲಿ ಶುರುವಾದದ್ದು. ಅದೂ ಕೇಂದ್ರ ಸರ್ಕಾರದ್ದೇ. ಪುಣೆಗೆ ಅರ್ಜಿ ಹಾಕುವವರು ಅದಕ್ಕೂ ಹಾಕುವುದು ಒಳ್ಳೆಯದು.

ಈಗ ಮಗಳ ಸ್ವಭಾವ. ಕಳೆದ ಮಳೆಗಾಲದಲ್ಲಿ ಅವಳು ಇದೇ ಗುಂಪಿನಲ್ಲಿ ಹಾಕಿದ ಡೊಂಬಿವಲಿ ಸ್ಟೇಷನ್ ಬ್ರಿಜ್ಜಿನ ಫೋಟೋಗಳು ನೆನಪಿದೆಯಾ? ಒಂದೇ ಜಾಗ, ಒಂದೇ ಹೊತ್ತು, ಹನ್ನೊಂದು ದಿನ. ಕೊಡೆಗಳು ಮಾತ್ರ ಬೇರೆ ಬೇರೆ. ಯಾರೋ "ಎಲ್ಲ ಒಂದೇ ಥರ ಇದೆಯಲ್ಲಮ್ಮ" ಅಂತ ಕೇಳಿದ್ದಕ್ಕೆ ಅವಳು, ಒಂಬತ್ತನೇ ದಿನ ಬೆಳಕು ಎಡಗಡೆಯಿಂದ ಬಂದಿದೆ ನೋಡಿ ಅಂದಿದ್ದಳು. ನಾನು ಅದನ್ನು ಎರಡು ಸಲ ತೆಗೆದು ನೋಡಿದ್ದೆ. ಇಂಥ ಹುಡುಗಿಗೆ ಪುಣೆ ಹೊಂದುತ್ತದೆ ಅಂತ ನನ್ನ ಅಂದಾಜು. ವಾರಕ್ಕೊಂದು ರೀಲ್ ಮಾಡಿ ಹಾಕುವ ಚುರುಕು ಹುಡುಗಿಯಾಗಿದ್ದರೆ ಬೇರೆ ಹೇಳುತ್ತಿದ್ದೆ, ಅಂಥವರು ಶಾಲೆಯೇ ಇಲ್ಲದೆ ಸೆಟ್ಟಿನಲ್ಲೇ ಬೇಗ ಕಲಿಯುತ್ತಾರೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಈ ವರ್ಷ ಪುಣೆ, ಕೋಲ್ಕತ್ತಾ ಎರಡಕ್ಕೂ ಅರ್ಜಿ. ಫಲಿತಾಂಶ ಬರುವ ತನಕ ಮನೆಯಲ್ಲಿ ಸುಮ್ನೆ ಕೂರುವುದಲ್ಲ, ಕ್ಯಾಮೆರಾ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸಕ್ಕೆ ಸೇರುವುದು. ಅಂಧೇರಿ, ಗೋರೆಗಾಂವ್ ಕಡೆ ಬೇಕಾದಷ್ಟು ಇದ್ದಾರೆ. ಪ್ರತಿ ಕ್ಯಾಮೆರಾ ಜೊತೆಗೂ ಅವರ ಅಟೆಂಡೆಂಟ್ ಒಬ್ಬರು ಸೆಟ್ಟಿಗೆ ಹೋಗುತ್ತಾರೆ. ಆರು ತಿಂಗಳು ಆ ಪೆಟ್ಟಿಗೆಗಳನ್ನು ಬಿಚ್ಚಿ ಒರೆಸಿ ಕಟ್ಟಿದರೆ 20 ಲಕ್ಷದ ಶಾಲೆಯ ಮೊದಲ ವರ್ಷದ ಅರ್ಧ ಪಾಠ ಮುಗಿದ ಹಾಗೆ, ಮೇಲೆ ನಾಲ್ಕು ಕಾಸೂ ಬರುತ್ತದೆ. ಹುಡುಗಿಯರು ಕಡಿಮೆ ಇರುವ ಕೆಲಸ ಅದು, ಸುಳ್ಳು ಹೇಳುವುದಿಲ್ಲ. ಮೊದಲ ದಿನ ನಾನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತೇನೆ. ಕ್ಯಾಮೆರಾ ಕೆಲಸದ ಹೆಣ್ಣುಮಕ್ಕಳದೇ ಒಂದು ಕೂಟ 2017ರಿಂದ ಇದೆ, ಇಂಡಿಯನ್ ವಿಮೆನ್ ಸಿನಿಮಾಟೋಗ್ರಾಫರ್ಸ್ ಕಲೆಕ್ಟಿವ್ ಅಂತ, ಅವರನ್ನೂ ಕೇಳಲಿ.

ನವೆಂಬರಿನಲ್ಲಿ ಗೋವಾಕ್ಕೆ ಕಳಿಸಿ. 2004ರಿಂದ ಇಫಿ, ಅಂದರೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ, ಪಣಜಿಯಲ್ಲೇ ನಡೆಯುತ್ತಿದೆ. ದಿನಕ್ಕೆ ನಾಲ್ಕು ಚಿತ್ರ ನೋಡಬಹುದು. ಅದಕ್ಕಿಂತ ಮುಖ್ಯ, ಎಲ್ಲ ಶಾಲೆಗಳ ಮಕ್ಕಳೂ ಅಲ್ಲಿಗೆ ಬಂದು ಕ್ಯೂನಲ್ಲಿ ನಿಂತಿರುತ್ತಾರೆ, ಕ್ಯೂನಲ್ಲಿ ಯಾರೂ ತಮ್ಮ ಶಾಲೆಯ ಬಗ್ಗೆ ಸುಳ್ಳು ಹೇಳುವುದಿಲ್ಲ. ನಾವು ಗುಂಪಿನಿಂದ ಐದಾರು ಜನ ಹೋಗುತ್ತೇವೆ, ಮಡಗಾಂವ್ ತನಕ ರೈಲು, ರೂಮು ಹಂಚಿಕೊಂಡರೆ ಖರ್ಚು ಹಗುರ.

ಎರಡು ಸಲ ಬರೆದೂ ಸಿಗದಿದ್ದರೆ ಆಗ ಅಂಧೇರಿ ವಿಚಾರ ತೆಗೆಯೋಣ. ಅಷ್ಟು ಹೊತ್ತಿಗೆ ಅವಳಿಗೇ ಗೊತ್ತಿರುತ್ತದೆ, ಯಾವ ಪಾಠ ಕಲಿಯಲಿಕ್ಕೆ ಬಾಕಿ ಇದೆ ಅಂತ. ಅದಕ್ಕೆ ಬೇಕಾದಷ್ಟೇ ಸಣ್ಣ ಕೋರ್ಸ್ ನೋಡಿದರಾಯಿತು.

ಕ್ಯಾಮೆರಾ ಈಗ ಕೊಡಿಸಬೇಡಿ. ಮೂರು ಲಕ್ಷದ್ದು ಕೊಂಡರೆ ಎರಡು ವರ್ಷಕ್ಕೆ ಹಳೆಯದಾಗುತ್ತದೆ. ಕೈಯಲ್ಲಿರುವ ಹಳೇ ಕ್ಯಾಮೆರಾವೇ ಸಾಕು. ಏನಾದರೂ ಕೊಡಿಸಲೇಬೇಕು ಅಂತಿದ್ದರೆ ಒಂದು ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಬಂದಿದೆಯಾ ನೋಡಿ, ನಮ್ಮ ಮಳೆಗಾಲದಲ್ಲಿ ಅದೇ ದೊಡ್ಡ ಕಾಟ.