ಫೋನ್ ಆರ್ಡರ್‌ಗೆ ಬೆಳಿಗ್ಗೆ ಸಹಿ ಸಿಗದಿದ್ದರೆ
ರಾತ್ರಿ ಫೋನಿನಲ್ಲಿ ಔಷಧಿಯ ಆರ್ಡರ್ ಕೊಟ್ಟ ಡಾಕ್ಟರ್ ಬೆಳಿಗ್ಗೆ ಅದಕ್ಕೆ ಸಹಿ ಹಾಕಲು ಸತಾಯಿಸುತ್ತಾರೆ, ನರ್ಸ್ ಆಗಿ ಏನು ಮಾಡಲಿ ಅಂತ ಕೇಳಿದಿರಿ. ಬೆಂಗಳೂರಿನ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಇದು ಹೊಸದೇನಲ್ಲ ಬಿಡಿ.

ಫೋನ್ ಇಡುವ ಮೊದಲೇ ಕೇಸ್ ಶೀಟ್‌ನಲ್ಲಿ ಬರೆದು, ಅವರಿಗೇ ಓದಿ ಹೇಳಿ: ರೋಗಿಯ ಹೆಸರು, ಔಷಧಿ, ಡೋಸ್, ರೂಟ್ (ಬಾಯಿಂದಲೋ, ಇಂಜೆಕ್ಷನ್ನೋ). ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳಿಸುತ್ತವೆ. "ಒನ್ ಫೈವ್ ಅಲ್ವಾ ಸರ್?" ಅಂತ ಕೇಳಿಬಿಡಿ, ಬೈದರೆ ಬೈಯಲಿ. ಸ್ಪೀಕರ್ ಹಾಕಿ, ಇನ್ನೊಬ್ಬ ಸಿಸ್ಟರ್ ಕೇಳಿಸಿಕೊಂಡು ಸಹಿ ಮಾಡಲಿ. ಸಮಯವನ್ನೂ ಬರೆಯಿರಿ. ಆದರೆ ಪೊಟ್ಯಾಶಿಯಂ ಕ್ಲೋರೈಡ್, ಇನ್ಸುಲಿನ್ ಥರ ಡೋಸ್ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಔಷಧಿಯಾದರೆ ಡ್ಯೂಟಿ ಡಾಕ್ಟರನ್ನು ಕರೆಸಿ ಬರೆಸಿಕೊಳ್ಳಿ.

ಬೆಳಿಗ್ಗೆ ಸುಮ್ನೆ ಅವರ ಹಿಂದೆ ಅಲೆಯಬೇಡಿ. ಹ್ಯಾಂಡೋವರ್ ಪುಸ್ತಕದಲ್ಲಿ "ಸಹಿ ಬಾಕಿ" ಅಂತ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ತಿಳಿಸಿ. ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಫೋನ್ ಆರ್ಡರ್‌ಗೆ ಲಿಖಿತ ನಿಯಮ ಇರಲೇಬೇಕು, ಅದನ್ನು ತೋರಿಸಲು ಕೇಳಿ.