ಕಾರ್ಡೋನಾ: ಕೋಟೆಗಿಂತ ಮೊದಲು ಉಪ್ಪು ನೋಡಿ

ಬಾರ್ಸಿಲೋನಾ ಬಿಟ್ಟು ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದ ಒಂದು ಸಣ್ಣ ಊರು ನೋಡಬೇಕು, ಅಲ್ಲಿನವರು ಏನು ಮಾಡಿ ಬದುಕಿದರು ಅಂತಲೂ ತಿಳಿಯಬೇಕು ಎಂದು ಕೇಳಿದ್ದೀರಿ. ಹಾಗಿದ್ದರೆ ಕಾರ್ಡೋನಾಕ್ಕೆ ಹೋಗಿ. ಹತ್ತಿರದ ಮನ್ರೇಸಾದಲ್ಲಿ ಕೆಲಸದಲ್ಲಿದ್ದಾಗ ನನಗೆ ತುಂಬ ಹಿಡಿಸಿದ ಊರು ಅದು. ಬಾರ್ಸಿಲೋನಾದಿಂದ ಸುಮಾರು 90 ಕಿಲೋಮೀಟರ್. ಐದು ಸಾವಿರ ಜನರೂ ಇಲ್ಲ.

ಬಂದವರೆಲ್ಲ ಮೊದಲು ಕೋಟೆ ಹತ್ತುತ್ತಾರೆ. ಅದರೊಳಗೆ 1040ರ ಸಂತ್ ವಿಸೆನ್ಸ್ ಚರ್ಚ್ ಇದೆ. ಅಲಂಕಾರವಿಲ್ಲದ ಬರೀ ಕಲ್ಲು, ಎತ್ತರದ ಕಮಾನು, ನೋಡಲೇಬೇಕು. 1714ರಲ್ಲಿ ಸ್ಪೇನ್ ದೊರೆಯ ಸೈನ್ಯಕ್ಕೆ ಬಾರ್ಸಿಲೋನಾ ಶರಣಾದ ಮೇಲೂ ಈ ಕೋಟೆ ಒಂದು ವಾರ ಬಗ್ಗಲಿಲ್ಲ. ಈಗ ಅದರಲ್ಲೊಂದು ಸರ್ಕಾರಿ ಹೋಟೆಲ್ ಇದೆ. ಆದರೆ ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಕೆಳಗಿರುವ ಉಪ್ಪಿನ ಗುಡ್ಡದಿಂದ!

ಸುಮಾರು 4 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಅದು ಬತ್ತಿ ಉಳಿದ ಉಪ್ಪಿನ ಮೇಲೆ ಕಲ್ಲುಮಣ್ಣು ಕೂತಿತು. ಆ ಭಾರಕ್ಕೆ ಉಪ್ಪು ನಾದಿದ ಕಣಕದ ಹಾಗೆ ಜರುಗಿ ಮೇಲಕ್ಕೆ ಉಕ್ಕಿದೆ. ಶಿಲಾಯುಗದವರೇ ಕಲ್ಲಿನ ಕೊಡಲಿಯಿಂದ ಇದನ್ನು ಒಡೆದು ಒಯ್ಯುತ್ತಿದ್ದರು. ಆಮೇಲೆ ಕಾರ್ಡೋನಾದ ದೊರೆಗಳು ಇದನ್ನೇ ಮಾರಿ ಶ್ರೀಮಂತರಾದರು.

ಇಪ್ಪತ್ತನೇ ಶತಮಾನದಲ್ಲಿ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ಸಿಕ್ಕಿತು. ನಿಯೆವೆಸ್ ಗಣಿ 1,300 ಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿಯಿತು. 1990ರಲ್ಲಿ ಅದು ಮುಚ್ಚಿತು. ಮನೆಮನೆಯ ಸಂಬಳ ಅಲ್ಲಿಂದ ಬರುತ್ತಿದ್ದ ಊರಿಗೆ ಎಂಥ ಪೆಟ್ಟು, ಅಲ್ವಾ? ಆಮೇಲೆ ಕಾರ್ಡೆನೆರ್ ನದಿಯ ನೀರೂ ಗಣಿಯೊಳಗೆ ನುಗ್ಗಿತು. ಕೊನೆಗೆ ಸುರಂಗ ಕೊರೆದು ನದಿಯನ್ನೇ ತಿರುಗಿಸಬೇಕಾಯಿತು.

ಆದರೂ ಗಣಿಯನ್ನು ಹಾಳುಬೀಳಲು ಬಿಡಲಿಲ್ಲ. 2003ರಿಂದ ಅದು ಜನ ನೋಡುವ ಜಾಗ. ಗೈಡ್ ಜೊತೆ 86 ಮೀಟರ್ ಆಳದವರೆಗೆ ಹೋಗಬಹುದು. ದೀಪ ಬಿದ್ದಾಗ ಗೋಡೆ ತುಂಬ ಬಿಳಿ, ಕಿತ್ತಳೆ, ಬೂದು ಪಟ್ಟೆಗಳು, ಕೆಲವು ಕಡೆ ಸುರುಳಿ ಸುತ್ತಿಕೊಂಡಿವೆ. ನೀರು ಜಿನುಗುವ ಕಡೆ ಸೂರಿನಿಂದ ಬೆಳ್ಳಗಿನ ಉಪ್ಪಿನ ಎಳೆಗಳು ಜೋತುಬಿದ್ದಿರುತ್ತವೆ.

ಗಣಿ ಕೊಡುತ್ತಿದ್ದಷ್ಟು ಕೆಲಸವನ್ನು ಪ್ರವಾಸಿಗರು ಕೊಡಲಾರರು, ಅದು ನನ್ನ ಬಲವಾದ ಅನಿಸಿಕೆ. ಅದಕ್ಕೇ ಸುಮ್ನೆ ಕೋಟೆಯ ಫೋಟೋ ಹೊಡೆದು ಹೊರಡಬೇಡಿ. ಹಳೇ ಊರಿನ ಬೀದಿಗಿಳಿದು ಊಟ ಮಾಡಿ, ಸಾಧ್ಯವಾದರೆ ರಾತ್ರಿ ಉಳಿಯಿರಿ. ಉಪ್ಪುಗಲ್ಲಲ್ಲಿ ಕೆತ್ತಿದ ಗೊಂಬೆ ಕೊಂಡರೆ ಮನೆಯಲ್ಲಿ ತೇವ ತಾಗದ ಕಡೆ ಇಡಿ. ಗಣಿಯ ಟಿಕೆಟ್ ಮಾತ್ರ ಮೊದಲೇ ಮಾಡಿಸಿಕೊಳ್ಳಿ.