ಓದುಗರ ಪ್ರಶ್ನೆ: ಸಮುದ್ರದ ಪಕ್ಕದಲ್ಲೇ ಒಣ ಬೆಟ್ಟ

ಪ್ರಶ್ನೆ: ಮಗಳು ಲಾಸ್ ಏಂಜಲೀಸ್‌ನಲ್ಲಿದ್ದಾಳೆ. ಮೇನಿಂದ ಅಕ್ಟೋಬರ್‌ವರೆಗೆ ನಾವೂ ಅಲ್ಲಿರುತ್ತೇವೆ. ಊರಿಗೆ ತಾಗಿದ ಸಾಂಟಾ ಮೋನಿಕಾ ಬೆಟ್ಟಗಳಲ್ಲಿ ನಡೆಯುವ ಆಸೆ. ಯಾಣ, ಗೋಕರ್ಣದ ಗುಡ್ಡ ಹತ್ತಿ ರೂಢಿಯಿದೆ. ವಯಸ್ಸು ಅರವತ್ತರ ಆಸುಪಾಸು. ಏನು ತಯಾರಿ ಬೇಕು?
– ಓದುಗ ದಂಪತಿ, ಕುಮಟಾ

ಉತ್ತರ: ಮೊದಲು ನೀರಿನ ಮಾತು. ಗುಡ್ಡ ಅಂದಮೇಲೆ ಎಲ್ಲೋ ಒಂದು ಹಳ್ಳವೋ ಒರತೆಯೋ ಸಿಕ್ಕೀತು, ನೆರಳಂತೂ ಇದ್ದೇ ಇರುತ್ತದೆ ಎಂಬುದು ನಮ್ಮ ಕರಾವಳಿಯವರ ಅಂದಾಜು. ಆ ಅಂದಾಜೇ ಅಲ್ಲಿ ಮೋಸ ಮಾಡುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ಮಳೆಯಾದರೆ ಆ ಊರಿಗೆ ಬೀಳುವುದು 400ಕ್ಕೂ ಕಡಿಮೆ. ಅದೂ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ ಒಳಗೆ. ನೀವಿರುವ ಆರೂ ತಿಂಗಳು ಅಲ್ಲಿ ಒಣಗಾಲ. ಬೆಟ್ಟದ ಮೈತುಂಬ ಎದೆಮಟ್ಟದ ಕುರುಚಲು, ಮರಗಳೇನಿದ್ದರೂ ಕಣಿವೆಯ ತಳದಲ್ಲಿ.

ಮೇ, ಜೂನ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಸಮುದ್ರದ ನೀರು ತಣ್ಣಗಿರುವುದರಿಂದ ದಂಡೆಯ ಮೇಲೆ ಬೆಳಿಗ್ಗೆ ಮೋಡದಂಥ ಮಂಜು ಕವಿದಿರುತ್ತದೆ. ತಂಪಾಗಿದೆಯಲ್ಲ ಎಂದು ಒಂದೇ ಬಾಟಲಿ ಹಿಡಿದು ಹೊರಡುತ್ತಾರೆ. ಸಾವಿರ, ಎರಡು ಸಾವಿರ ಅಡಿ ಏರುವಷ್ಟರಲ್ಲಿ ಮಂಜು ಕಾಲಡಿಗೆ ಇಳಿದು ತಲೆಯ ಮೇಲೆ ಸುಡುಬಿಸಿಲು. ಹಾಗಾಗಿ ದಂಡೆಯ ಹವೆ ನೋಡಿ ನೀರು ಅಳೆಯಬೇಡಿ. ಗಂಟೆಗೆ ಒಬ್ಬರಿಗೆ ಅರ್ಧ ಲೀಟರ್ ಲೆಕ್ಕ, ಬಿಸಿಲಿದ್ದರೆ ಇನ್ನೂ ಹೆಚ್ಚು. ಒಂದು ಲೀಟರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿದ ಪಾನಕ ಒಂದು ಬಾಟಲಿ ಇರಲಿ. ಹಳ್ಳದ ನೀರನ್ನು ಹಾಗೆಯೇ ಕುಡಿಯಬೇಡಿ. ಅರ್ಧ ನೀರು ಮುಗಿಯಿತೆಂದರೆ, ಎಲ್ಲಿದ್ದರೂ ಸರಿ, ಅಲ್ಲಿಂದ ತಿರುಗಿ.

ಮೊದಲ ದಿನ ಸಾಲ್‌ಸ್ಟಿಸ್ ಕ್ಯಾನ್ಯನ್‌ಗೆ ಹೋಗಿ. ಹಳ್ಳದ ಪಕ್ಕ ಓಕ್ ಮರಗಳ ನೆರಳಿದೆ, ಹಳೆಯ ರಸ್ತೆಯ ದಾರಿ, ಹೋಗಿಬರಲು ಸುಮಾರು 4 ಕಿ.ಮೀ. ಕೊನೆಯಲ್ಲಿ ಸಣ್ಣ ಜಲಪಾತ. ಜೋಗ, ಉಂಚಳ್ಳಿ ಕಂಡ ಕಣ್ಣಿಗೆ ಅದು ಬರೀ ನೀರಿನ ಎಳೆ. ಅದರ ಬುಡದಲ್ಲಿ 1952ರ ಮನೆಯೊಂದರ ಪಾಳು ಇದೆ, ಅದನ್ನು ನಿಂತು ನೋಡಿ. ಬೆಂಕಿ ಬಂದರೆ ಆರಿಸಲೆಂದೇ ಪಂಪು, ಪೈಪು ಜೋಡಿಸಿ ಕಟ್ಟಿದ ಮನೆ. ಯಜಮಾನ ತೀರಿಕೊಂಡ ಮೇಲೆ ಅವುಗಳ ದೇಖರೇಖಿ ನಿಂತಿತು, 1982ರ ಬೆಂಕಿಯಲ್ಲಿ ಮನೆ ಹೋಯಿತು. ಉಳಿದಿರುವುದು ಇಟ್ಟಿಗೆಯ ಚಿಮಣಿ, ಕಲ್ಲಿನ ಮೆಟ್ಟಿಲು.

ಕಾಲು ಪಳಗಿದ ಮೇಲೆ ಸ್ಯಾಂಡ್‌ಸ್ಟೋನ್ ಪೀಕ್. 948 ಮೀಟರ್, ಆ ಸಾಲಿನಲ್ಲೇ ಎತ್ತರ. ಹೆಸರು ಮರಳುಗಲ್ಲಿನದಾದರೂ ಅದು ಜ್ವಾಲಾಮುಖಿಯ ಕಲ್ಲು. ಮಿಶೆ ಮೊಕ್ವಾ ದಾರಿಯಿಂದ ಸುತ್ತಿಬರಲು 10 ಕಿ.ಮೀ., ನಿಮ್ಮ ನಡಿಗೆಗೆ ಐದು ಗಂಟೆ ಹಿಡಿಯಿರಿ. ತಲಾ ಮೂರು ಲೀಟರ್ ನೀರು, ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಕೊನೆಯ ಏರು ಬರಿಯ ಬಂಡೆ, ಕೈಯೂರಿ ಹತ್ತಬೇಕು. ಮಂಡಿ ನೋವಿದ್ದರೆ ಅದರ ಬುಡದಲ್ಲೇ ಕುಳಿತರೂ ಸಮುದ್ರ ಕಾಣುತ್ತದೆ.

ಅಲ್ಲಿ ಉಂಬಳದ ಕಾಟವಿಲ್ಲ, ಉಣುಗು ಇದೆ. ಮನೆಗೆ ಬಂದ ಕೂಡಲೇ ಮೈ ನೋಡಿಕೊಳ್ಳಿ. ಇನ್ನೊಂದು ಪಾಯ್ಸನ್ ಓಕ್ ಎಂಬ ಗಿಡ: ಬಿಲ್ವಪತ್ರೆಯ ಹಾಗೆ ಒಂದು ತೊಟ್ಟಿಗೆ ಮೂರೆಲೆ, ನಡುವಿನದಕ್ಕೆ ತೊಟ್ಟು ಉದ್ದ. ಅದು ಗೇರು, ಮಾವಿನ ಕುಟುಂಬದ್ದೇ. ಗೇರುಸಿಪ್ಪೆಯ ಎಣ್ಣೆ ತಾಗಿ ಮೈ ಸುಟ್ಟುಕೊಂಡವರಿಗೆ ಬೇರೆ ವಿವರಣೆ ಬೇಡ. ತಾಗಿದರೆ ತಡಮಾಡದೆ ಸೋಪು ಹಚ್ಚಿ ತೊಳೆಯಿರಿ. ಎಣ್ಣೆ ಬಟ್ಟೆಯಲ್ಲೂ ಉಳಿಯುತ್ತದೆ, ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಒಣ ಗಿಲಿಗಿಚ್ಚಿ ಕಾಯಿ ಅಲ್ಲಾಡಿಸಿದಂಥ ಸದ್ದು ಕೇಳಿದರೆ ರ್‍ಯಾಟಲ್ ಹಾವು ಹತ್ತಿರವಿದೆ. ಅಲ್ಲೇ ನಿಂತು ಎಲ್ಲಿದೆಯೆಂದು ನೋಡಿ, ಆಮೇಲೆ ಹಿಂದೆ ಸರಿಯಿರಿ.

ಸೆಪ್ಟೆಂಬರ್ ಕೊನೆಯಿಂದ ಬೆಂಕಿಯ ಭಯ. ಆಗ ಮರುಭೂಮಿಯ ಒಣಗಾಳಿ ಬೆಟ್ಟ ಇಳಿದು ಕಾದು ಸಮುದ್ರದತ್ತ ನುಗ್ಗುತ್ತದೆ. 2018ರ ನವೆಂಬರ್‌ನಲ್ಲಿ ವೂಲ್ಸಿ, 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಬೆಂಕಿ ಹೀಗೆಯೇ ಹಬ್ಬಿದ್ದು. ಬೆಂಕಿ ಹಬ್ಬುವ ಅಪಾಯ ಹೆಚ್ಚೆಂದು ಅಲ್ಲಿನ ಹವಾಮಾನ ಇಲಾಖೆ ಕೊಡುವ ‘ರೆಡ್ ಫ್ಲ್ಯಾಗ್’ ಎಚ್ಚರಿಕೆ ಇದ್ದ ದಿನ ಬೆಟ್ಟದ ಕಡೆ ಹೋಗಲೇಬೇಡಿ.

ಪ್ರಶ್ನೆ: ಅಲ್ಲಿಗೆ ಟಿಕೆಟ್ ಇದೆಯೇ? ಕಾರಿಲ್ಲದೆ ಹೋಗಬಹುದೇ?
– ಓದುಗರು, ಶಿರಸಿ

ಉತ್ತರ: 1978ರಲ್ಲಿ ಇದನ್ನು ರಾಷ್ಟ್ರೀಯ ವಿಹಾರ ಪ್ರದೇಶವೆಂದು ಘೋಷಿಸಿದರೂ ಜಾಗ ಒಬ್ಬರದಲ್ಲ. ಕೇಂದ್ರದ್ದು, ರಾಜ್ಯದ್ದು, ಖಾಸಗಿಯದು ತುಂಡುತುಂಡಾಗಿ ಬೆರೆತಿವೆ. ಮೇಲೆ ಹೇಳಿದ ಎರಡೂ ಕೇಂದ್ರದವು, ಶುಲ್ಕವಿಲ್ಲ. ಮಾಲಿಬು ಕ್ರೀಕ್‌ನಂಥ ರಾಜ್ಯದ ಉದ್ಯಾನಗಳಲ್ಲಿ ಕಾರು ನಿಲ್ಲಿಸಲು ದುಡ್ಡು ಕೊಡಬೇಕು. ಸಮುದ್ರದಂಚಿನ ಹೆದ್ದಾರಿಯಲ್ಲಿ ಬಸ್ಸು ಓಡಾಡುತ್ತದೆ, ಸಾಲ್‌ಸ್ಟಿಸ್‌ಗೆ ಅಷ್ಟು ಸಾಕು. ಒಳಗಿನ ತಿರುವು ರಸ್ತೆಗಳಿಗೆ ಕಾರೇ ಗತಿ. ಕಣಿವೆಗಳಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗದು, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಕಾಗದದ ನಕ್ಷೆ ಬೇಕಿದ್ದರೆ ಕಿಂಗ್ ಜಿಲೆಟ್ ರಾಂಚ್‌ನ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಅದಕ್ಕೆ ಹತ್ತಿರದಲ್ಲೇ, ಲಾಸ್ ವರ್ಜೆನಸ್ ರಸ್ತೆಯಲ್ಲಿ, ವೆಂಕಟೇಶ್ವರ ದೇವಸ್ಥಾನವೂ ಇದೆ.

ಪ್ರಶ್ನೆ: ಹೊರಡುವ ಮೊದಲು ಇಲ್ಲಿ ಎಲ್ಲಿ ಅಭ್ಯಾಸ ಮಾಡಬಹುದು?
– ಓದುಗರು, ಅಂಕೋಲಾ

ಉತ್ತರ: ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗಿನ ಗುಡ್ಡದಂಚಿನ ದಾರಿ. ಅಲ್ಲಿನ ಜಂಬಿಟ್ಟಿಗೆಯ ಹರಳು ಕಾಲಡಿ ಉರುಳುವ ಹಾಗೆಯೇ ಆ ಬೆಟ್ಟಗಳ ಒಣ ಪುಡಿಮಣ್ಣೂ ಇಳಿಜಾರಿನಲ್ಲಿ ಜಾರುತ್ತದೆ. ಚಪ್ಪಲಿ ಬೇಡ, ಅಡಿಗೆ ಹಲ್ಲಿರುವ ಬೂಟು ಹಾಕಿ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ, ಆದ್ದರಿಂದ ಬೂಟು ಅರ್ಧ ಅಳತೆ ದೊಡ್ಡದಿರಲಿ. ಬೆನ್ನಿಗೆ ಮೂರು ಲೀಟರ್ ನೀರು ಹೊತ್ತೇ ನಡೆಯಿರಿ, ವಾರಕ್ಕೆರಡು ಸಲ.